ಡಿಶ್‌ವಾಶರ್ ಬಾಗಿಲ ಕೆಳಗೆ ನೀರು: ಗ್ಯಾಸ್ಕೆಟ್ ಬದಲಾಯಿಸಿದರೂ ನಿಂತಿಲ್ಲ

ಒದ್ದೆನೆಲ:
60 ಸೆಂ.ಮೀ. ಅಗಲದ, ಮುಂದಕ್ಕೆ ಬಾಗಿಲು ತೆರೆಯುವ ಯಂತ್ರ. ತೊಳೆಯಲು ಶುರುವಾಗಿ ಹತ್ತು ನಿಮಿಷಕ್ಕೆ ಬಾಗಿಲ ಬಲಗಡೆ ಕೆಳಮೂಲೆಯಿಂದ ನೀರು ಜಿನುಗುತ್ತದೆ, ಸಲಕ್ಕೆ ಅರ್ಧ ಲೋಟದಷ್ಟು. ಬಾಗಿಲ ಸುತ್ತಿನ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಪಟ್ಟಿ) ಹೊಸದು ಹಾಕಿದ್ದಾಯ್ತು, ಪ್ರಯೋಜನವಿಲ್ಲ. ಈಗ ಇನ್ನೊಂದು ತಾಪತ್ರಯ: ಬಟನ್ ಆಫ್ ಮಾಡಿದರೂ ಪಂಪ್ ಗುಂಯ್ ಅಂತ ಓಡುತ್ತಲೇ ಇರುತ್ತದೆ, ಪ್ಲಗ್ ಕಿತ್ತರೆ ಮಾತ್ರ ನಿಲ್ಲುತ್ತದೆ. ಮುಂದೆ ಯಾವ ಪಾರ್ಟ್ ತರಿಸಲಿ?

ತೂಬು:
ಸದ್ಯಕ್ಕೆ ಏನೂ ತರಿಸಬೇಡಿ. ಸೋರಿಕೆ ಎಲ್ಲಿ ಅನ್ನುವುದಕ್ಕೂ ಮೊದಲು ಯಾವಾಗ ಅಂತ ನೋಡಬೇಕು. ಯಂತ್ರ ಸುಮ್ಮನಿದ್ದಾಗಲೂ ಒದ್ದೆಯಾದರೆ ನಲ್ಲಿಯಿಂದ, ಯಂತ್ರದೊಳಕ್ಕೆ ನೀರು ಬಿಡುವ ಇನ್ಲೆಟ್ ವಾಲ್ವ್‌ವರೆಗಿನ ಭಾಗವನ್ನು ಹುಡುಕಿ, ಸದಾ ಒತ್ತಡ ಇರುವುದು ಅಲ್ಲಿ ಮಾತ್ರ. ನೀರು ಹೊರಹಾಕುವಾಗ ಬಂದರೆ ಡ್ರೇನ್ ಪಂಪ್, ಅದರ ಪೈಪ್, ಕ್ಲಿಪ್ಪು. ನಿಮ್ಮದು ತೊಳೆಯುವಾಗ ಬರುತ್ತಿದೆ. ಒಳಗೆ ನೀರು ತೊಟ್ಟಿಯಂತೆ ತುಂಬಿರುವುದಿಲ್ಲ. ತಳದಲ್ಲಿ ಮೂರು-ನಾಲ್ಕು ಲೀಟರ್ ಇರುತ್ತದೆ, ಪಂಪ್ ಅದನ್ನೇ ಎತ್ತಿ ಎರಚುತ್ತದೆ. ಗ್ಯಾಸ್ಕೆಟ್ ಹನಿ ತಡೆಯುತ್ತದೆ, ಹಬೆ ತಡೆಯುತ್ತದೆ. ಮೂಲೆಗೆ ನೇರವಾಗಿ ಚಿಮ್ಮುವ ನೀರನ್ನು ತಡೆಯಲಾರದು.

ಹಾಗಾಗಿ ಕೆಳಗಿನ ಸ್ಪ್ರೇ ಆರ್ಮ್, ಅಂದರೆ ತಿರುಗುತ್ತಾ ನೀರು ಎರಚುವ ಕೈ, ಬಿಚ್ಚಿ. ಬಹಳಷ್ಟು ಯಂತ್ರಗಳಲ್ಲಿ ನೇರ ಮೇಲಕ್ಕೆಳೆದರೆ ಬರುತ್ತದೆ. ಅದು ಎರಡು ಪ್ಲಾಸ್ಟಿಕ್ ಹೋಳು ಬೆಸೆದು ಮಾಡಿದ್ದು. ತುದಿ ಹಿಡಿದು ತುಸು ತಿರುಚಿ ನೋಡಿ: ಬೆಸುಗೆ ಬಿಟ್ಟಿದ್ದರೆ ಅಂಚು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ, ಕಾಗದದ ಚೂರು ಒಳಗೆ ತೂರುತ್ತದೆ. ನಡುವಿನ ತೂತಿಗೆ ನಲ್ಲಿ ನೀರು ಬಿಟ್ಟರೆ ರಂಧ್ರಗಳಿಂದಷ್ಟೇ ಬರಬೇಕು, ಅಂಚಿನಿಂದ ಬರಬಾರದು.

ಸ್ಪ್ಯಾನರ್‌ಕೈ:
ಇನ್ನೊಂದು ಮಾತು. ನೀವು ಹಾಕಿದ್ದು ಮೂರು ಬದಿಯ ಗ್ಯಾಸ್ಕೆಟ್ ಇರಬೇಕು. ಬಾಗಿಲ ಕೆಳ ಅಂಚಿನ ರಬ್ಬರ್ ಪಟ್ಟಿ ಸಾಮಾನ್ಯವಾಗಿ ಬೇರೆಯೇ. ಅದರ ಮಡಿಕೆಯಲ್ಲಿ ಜಿಡ್ಡು, ಅಗುಳು ಕೂತರೆ ಮೂಲೆಯಲ್ಲೇ ಸೋರುತ್ತದೆ. ಬಿಸಿನೀರು, ಹಳೆ ಟೂತ್‌ಬ್ರಷ್ ಸಾಕು. ಹೊಸ ಗ್ಯಾಸ್ಕೆಟನ್ನು ಎಳೆದೆಳೆದು ಕೂರಿಸಿದ್ದರೆ ಅದು ದಿನಗಳೆದಂತೆ ಕುಗ್ಗಿ ಮೂಲೆ ಬಿಡುತ್ತದೆ. ಮೇಲಿನ ನಡುಭಾಗದಿಂದ ಶುರುಮಾಡಿ ಎರಡೂ ಕಡೆಗೆ ಒತ್ತುತ್ತಾ ಬರಬೇಕು. ಬಾಗಿಲು ತೆರೆದು ತಳದ ಮೇಲೆ ಲೆವೆಲ್ ಇಟ್ಟೂ ನೋಡಿ, ಯಂತ್ರ ಮುಂದಕ್ಕೆ ವಾಲಿರಬಾರದು.

ನೊರೆ ಇದೆಯೇ? ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬಿದ್ದರೂ ನೊರೆ ಎದ್ದು ಎಂಥ ಗ್ಯಾಸ್ಕೆಟನ್ನೂ ದಾಟಿ ಬರುತ್ತದೆ. ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ಚೆಲ್ಲಿದರೂ ಅಷ್ಟೇ.

ಒದ್ದೆನೆಲ:
ನೊರೆ ಇಲ್ಲ, ಲೆವೆಲ್ ಸರಿ ಇದೆ. ಆರ್ಮ್‌ನ ಒಂದು ತುದಿಯಲ್ಲಿ ಸುಮಾರು 4 ಸೆಂ.ಮೀ. ಬಿರುಕು ಸಿಕ್ಕಿತು! ಎಪಾಕ್ಸಿ ಹಚ್ಚಿದರೆ ನಡೆದೀತೇ? ಪಂಪಿನ ಗದ್ದಲ ಹಾಗೇ ಇದೆ.

ತೂಬು:
ಎಪಾಕ್ಸಿ ಬೇಡ. 60-70 ಡಿಗ್ರಿ ನೀರು, ಕ್ಷಾರದ ಪುಡಿ, ಪಂಪಿನ ಒತ್ತಡ ಮೂರೂ ಸೇರಿದರೆ ಆ ಅಂಟು ಹೆಚ್ಚು ದಿನ ಬಾಳುವುದಿಲ್ಲ. ಮಾಡೆಲ್ ನಂಬರ್ ಕೊಟ್ಟು ಹೊಸ ಆರ್ಮನ್ನೇ ತರಿಸಿ. ನಂಬರು ಬಾಗಿಲ ಅಂಚಿನಲ್ಲಿರುತ್ತದೆ.

ಪಂಪಿನ ಕಥೆ ಹೀಗೆ: ಸೋರಿದ ನೀರಿನಲ್ಲಿ ಒಂದು ಪಾಲು ಯಂತ್ರದ ಅಡಿ ತಟ್ಟೆಗೆ ಇಳಿದಿದೆ. ಅಲ್ಲೊಂದು ಥರ್ಮೊಕೋಲ್ ಬಿಲ್ಲೆ, ಅದರ ಮೇಲೆ ಮೈಕ್ರೊಸ್ವಿಚ್ ಎಂಬ ಪುಟ್ಟ ಸ್ವಿಚ್ ಇರುತ್ತದೆ. ಬಿಲ್ಲೆ ತೇಲಿದರೆ ಯಂತ್ರ ನೀರು ಒಳಬಿಡುವುದನ್ನು ನಿಲ್ಲಿಸಿ ಡ್ರೇನ್ ಪಂಪ್ ಹಾಕುತ್ತದೆ. ಆದರೆ ಪಂಪ್ ಎಳೆಯುವುದು ತೊಳೆಯುವ ಗೂಡಿನ ನೀರನ್ನು, ತಟ್ಟೆಯದನ್ನಲ್ಲ. ಹಾಗಾಗಿ ಅದು ನಿಲ್ಲುವುದೇ ಇಲ್ಲ.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಕೆಳಗಿನ ಮುಂಪಟ್ಟಿಯ ಸ್ಕ್ರೂ ಬಿಚ್ಚಿ, ಸ್ಪಂಜಿನಿಂದ ತಟ್ಟೆ ಪೂರ್ತಿ ಒಣಗಿಸಿ. ಟಾರ್ಚ್ ಹಾಕಿ ಸಂಪ್ (ತೊಳೆಯುವ ಗೂಡಿನ ತಳದಲ್ಲಿ ನೀರು ಸೇರುವ ಗುಂಡಿ), ಪಂಪ್, ಪೈಪ್ ಕೂಡುವ ಜಾಗಗಳನ್ನು ನೋಡಿ: ಹಳೆಯ ಸೋರಿಕೆ ಇದ್ದಲ್ಲಿ ಸುಣ್ಣದ ಬಿಳಿ ಗೆರೆ ಇಳಿದಿರುತ್ತದೆ. ಆಮೇಲೆ ತಟ್ಟೆಯಲ್ಲಿ ಬಿಲ್ಲೆಗೆ ತಾಗದಂತೆ ಟಿಶ್ಯೂ ಕಾಗದ ಹಾಸಿ, ಪಟ್ಟಿ ಮುಚ್ಚಿ, ಹೊಸ ಆರ್ಮ್ ಹಾಕಿ ಒಂದು ಸಲ ಓಡಿಸಿ. ಮತ್ತೆ ಪ್ಲಗ್ ಕಿತ್ತ ಮೇಲೇ ಪಟ್ಟಿ ತೆಗೆದು ಯಾವ ಕಾಗದ ಒದ್ದೆ ಅಂತ ನೋಡುವುದು. ಯಂತ್ರ ಓಡುವಾಗ ಅಲ್ಲಿಗೆ ಕೈ ಹಾಕಬೇಡಿ, ಕರೆಂಟ್ ಇರುತ್ತದೆ.

ಒದ್ದೆನೆಲ:
ಆರ್ಮ್ ಬಂತು, ಬಾಗಿಲು ಒಣಗಿದೆ, ಪಂಪ್ ಸುಮ್ಮನಾಗಿದೆ. ಆದರೆ ಇನ್ಲೆಟ್ ವಾಲ್ವ್ ಕೆಳಗಿನ ಕಾಗದದಲ್ಲಿ ಒಂದೇ ಒಂದು ಕಲೆ.

ಸ್ಪ್ಯಾನರ್‌ಕೈ:
ಅಲ್ಲಿ ಪೈಪ್ ಸೇರುವ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ. ಗಟ್ಟಿಯಾಗಿದ್ದರೆ ಬದಲಾಯಿಸಿ, ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪ್ಲೈಯರ್‌ನಲ್ಲಿ ಕಾಲು ಸುತ್ತು, ಅಷ್ಟೇ. ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ನೀರು ತಡೆಯುವುದು ವಾಷರ್, ನಟ್ಟಿನ ಥ್ರೆಡ್ ಅಲ್ಲ. ಆಮೇಲೂ ಹನಿ ಬಂದರೆ ವಾಲ್ವ್‌ನ ಪ್ಲಾಸ್ಟಿಕ್ ಮೈಯೇ ಸೀಳಿರಬಹುದು, ಹಾಗಿದ್ದರೆ ಅದನ್ನು ರಿಪೇರಿ ಮಾಡಲಾಗುವುದಿಲ್ಲ, ಹೊಸದೇ ಹಾಕಬೇಕು.