ಶಹಾಪುರದಲ್ಲಿ 22 ದಿನ ಶೂಟಿಂಗ್, ಎಡಿಟಿಂಗ್ ಬೆಂಗಳೂರಲ್ಲಿ: ಫೂಟೇಜ್ ಕಾಪಾಡೋದು ಹೇಗೆ?

ಯಾದಗಿರಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮೊದಲ ಸಿನಿಮಾ ಶುರುವಾಗುತ್ತದೆ. ಶಹಾಪುರ, ಸುರಪುರ ಕಡೆ 22 ದಿನದ ಶೂಟಿಂಗ್. ಸೋನಿ ಕ್ಯಾಮೆರಾ ಎರಡು, 4ಕೆ. ಎಡಿಟರ್ ಬೆಂಗಳೂರಲ್ಲಿದ್ದಾರೆ, ಸೌಂಡ್ ಮಿಕ್ಸಿಂಗ್ ಹೈದರಾಬಾದಿನಲ್ಲಿ. ಡೇಟಾ ನೋಡಿಕೊಳ್ಳೋಕೆ ಬೇರೆ ಒಬ್ಬರನ್ನು ಇಡುವಷ್ಟು ದುಡ್ಡಿಲ್ಲ, ಅಸಿಸ್ಟೆಂಟ್ ಕ್ಯಾಮೆರಾಮನ್ನೇ ಮಾಡಲಿ ಅಂತ ನಿರ್ಮಾಪಕರು ಹೇಳುತ್ತಿದ್ದಾರೆ. ಹಾರ್ಡ್ ಡಿಸ್ಕ್ ಎಷ್ಟು ಬೇಕು? ಕಾಪಿ ಹೇಗೆ ಮಾಡಬೇಕು? ಬೆಂಗಳೂರಿಗೆ ಹೇಗೆ ಕಳಿಸಬೇಕು? ಈ ಕೆಲಸ ಮಾಡಿ ಪೆಟ್ಟು ತಿಂದವರು ಇದ್ದರೆ ದಯವಿಟ್ಟು ಹೇಳಿ.

ಕಲಬುರಗಿಯ ಎಡಿಟರ್:

ತಮ್ಮಾ, ಲೈಟ್ ಒಂದು ಕಡಿಮೆ ತರಿಸು, ಆದರೆ ಡೇಟಾಗೆ ಒಬ್ಬರನ್ನು ಇಟ್ಟುಕೋ. ಆ ಒಬ್ಬರಿಗೆ ಬೇರೆ ಕೆಲಸ ಹೇಳಬೇಡ. ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ.

ಕೆಲವು ವರ್ಷದ ಹಿಂದೆ ಬೀದರಿನಲ್ಲಿ ಬಿದರಿ ಕೆಲಸದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೆವು. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಕೆತ್ತುತ್ತಾರೆ, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಆ ಸಾಮಾನಿಗೆ ಹಚ್ಚುತ್ತಾರೆ. ಮಣ್ಣು ತೊಳೆದಾಗ ಲೋಹವೆಲ್ಲ ಕಪ್ಪಾಗಿರುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಒಂದು ಹೂಜಿ ಒಂದೇ ಸಲ ಕಪ್ಪಾಗೋದು. ಹಿರಿಯ ಉಸ್ತಾದರೊಬ್ಬರು ತಿಂಗಳುಗಟ್ಟಲೆ ಕೂತು ಮಾಡಿದ ಹೂಜಿ ಅದು, ಆ ಕ್ಷಣ ಹಿಡಿಯೋಕೆ ನಾವು ಮೂರು ಸಲ ಬೀದರಿಗೆ ಹೋಗಿ ಬಂದಿದ್ದೆವು. ಶಾಟ್ ಚೆನ್ನಾಗಿ ಬಂತು. ಅವರ ಮುಖದಲ್ಲಿ ನಗು ಕೂಡ ಸಿಕ್ಕಿತು.

ಮಧ್ಯಾಹ್ನ ಒಬ್ಬ ಹುಡುಗ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಸುಮ್ನೆ ಎಳೆದು ಡಿಸ್ಕಿಗೆ ಬಿಟ್ಟ. ನಡುವೆ ಕೇಬಲ್ ಒಂದು ಸಲ ಸಡಿಲಾಗಿತ್ತಂತೆ, ಮತ್ತೆ ಸೇರಿಸಿ ಕಾಪಿ ಮುಂದುವರಿಸಿದ. ಬಾರ್ ತುಂಬಿತು, ಕಾಪಿ ಆಯ್ತು ಅಂದುಕೊಂಡ. ಕಾರ್ಡ್ ಟೇಬಲ್ ಮೇಲೆ ಇಟ್ಟು ಊಟಕ್ಕೆ ಹೋದ. ಇನ್ನೊಬ್ಬ ಬಂದು ಕಾರ್ಡ್ ಖಾಲಿ ಇದೆ ಅಂತ ತಿಳಿದು ಫಾರ್ಮ್ಯಾಟ್ ಮಾಡಿ ಕ್ಯಾಮೆರಾಗೆ ಹಾಕಿದ. ರಾತ್ರಿ ಲಾಡ್ಜಿನಲ್ಲಿ ನೋಡಿದರೆ ಮೂರು ಕ್ಲಿಪ್ ತೆರೆಯಲಿಲ್ಲ. ಹೆಸರು ಇದೆ, ಸೈಜ್ ಇದೆ, ಒಳಗೆ ಏನೂ ಇಲ್ಲ. ಅಷ್ಟರಲ್ಲಿ ಅದೇ ಕಾರ್ಡಿನ ಮೇಲೆ ಸಂಜೆಯ ಶೂಟಿಂಗ್ ಆಗಿತ್ತು, ಹಾಗಾಗಿ ರಿಕವರಿ ಸಾಫ್ಟ್‌ವೇರ್‌ಗೂ ಏನೂ ಸಿಗಲಿಲ್ಲ. ಮಾರನೇ ದಿನ ಉಸ್ತಾದರ ಎದುರು ಹೋಗಿ ನಿಂತದ್ದು ನನಗೆ ಇವತ್ತಿಗೂ ನೆನಪಿದೆ. ಅವರು ಏನೂ ಅನ್ನಲಿಲ್ಲ, ಚಹಾ ಕೊಟ್ಟರು.

ತಪ್ಪು ಆ ಇಬ್ಬರು ಹುಡುಗರದ್ದಲ್ಲ. ಕಾರ್ಡ್ ಖಾಲಿ ಮಾಡುವ ಹಕ್ಕು ಯಾರದು ಅಂತ ನಾವು ಹೇಳಿಯೇ ಇರಲಿಲ್ಲ. ಈಗ ನಮ್ಮ ಟೀಮಿನಲ್ಲಿ ಒಂದೇ ಕಟ್ಟುನಿಟ್ಟು: ಕಾರ್ಡ್ ಫಾರ್ಮ್ಯಾಟ್ ಆಗಲಿ ಅಂತ ಹೇಳೋದು ಒಬ್ಬರೇ, ಕಾಪಿ ಮಾಡಿ ಪರೀಕ್ಷೆ ಮಾಡಿದವರೇ. ಡೈರೆಕ್ಟರ್ ಹೇಳಿದರೂ ಇಲ್ಲ, ನಿರ್ಮಾಪಕರು ಹೇಳಿದರೂ ಇಲ್ಲ. ಕ್ಯಾಮೆರಾದಿಂದ ತೆಗೆದ ಕಾರ್ಡಿಗೆ ಕೆಂಪು ಟೇಪ್. ಎರಡು ಡಿಸ್ಕಿಗೆ ಹೋಗಿ ಪರೀಕ್ಷೆಯೂ ಆದಮೇಲೆ ಅವರು ತಮ್ಮ ಕೈಯಾರೆ ಕೆಂಪು ಕಿತ್ತು ಹಸಿರು ಹಚ್ಚುತ್ತಾರೆ. ಕೆಂಪು ಇದ್ದರೆ ಯಾರೂ ಮುಟ್ಟುವಂತಿಲ್ಲ.

ಪರೀಕ್ಷೆ ಅಂದರೆ ಎರಡು ಕ್ಲಿಪ್ ಓಡಿಸಿ ನೋಡೋದಲ್ಲ. ಚೆಕ್‌ಸಮ್ ಅಂತ ಇರುತ್ತದೆ. ಫೈಲಿನ ಒಳಗಿರುವುದನ್ನೆಲ್ಲ ಓದಿ ಅದಕ್ಕೆ ಒಂದು ಉದ್ದದ ಸಂಖ್ಯೆ ಕಟ್ಟುತ್ತದೆ. ಕಾರ್ಡಿನ ಫೈಲಿಗೂ ಡಿಸ್ಕಿನ ಫೈಲಿಗೂ ಅದೇ ಸಂಖ್ಯೆ ಬಂದರೆ ಎರಡೂ ಒಂದೇ, ಒಂದು ಬಿಟ್ ಆಚೀಚೆ ಆದರೂ ಸಂಖ್ಯೆ ಬೇರೆ ಬರುತ್ತದೆ. ಎಂಡಿ5, ಎಕ್ಸ್‌ಎಕ್ಸ್‌ಹ್ಯಾಶ್ ಅಂತೆಲ್ಲ ಕೇಳುತ್ತೀಯಲ್ಲ, ಅವು ಇದಕ್ಕೇ. ದುಡ್ಡು ಕೊಟ್ಟರೆ ಇದನ್ನು ಮಾಡುವ ಸಿಲ್ವರ್‌ಸ್ಟ್ಯಾಕ್, ಶಾಟ್‌ಪುಟ್ ಪ್ರೊ, ಆಫ್‌ಶೂಟ್ ಅನ್ನೋ ಸಾಫ್ಟ್‌ವೇರ್‌ಗಳು ಇವೆ. ದುಡ್ಡಿಲ್ಲದಿದ್ದರೆ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಕ್ಲೋನ್ ಟೂಲ್ ಇದೆ, ಒಂದೇ ಸಲಕ್ಕೆ ಎರಡು ಮೂರು ಡಿಸ್ಕಿಗೆ ಕಾಪಿ ಮಾಡಿ ಚೆಕ್‌ಸಮ್ ನೋಡುತ್ತದೆ. ಆ ಹೂಜಿಯ ದಿನ ನಮ್ಮ ಲ್ಯಾಪ್‌ಟಾಪಿನಲ್ಲಿ ರಿಸಾಲ್ವ್ ಇತ್ತು. ಯಾರೂ ಬಳಸಲಿಲ್ಲ ಅಷ್ಟೇ.

ಇನ್ನೊಂದು, ಕಾರ್ಡಿನಿಂದ ವಿಡಿಯೊ ಫೈಲ್ ಮಾತ್ರ ಆರಿಸಿ ತೆಗೆಯಬೇಡ. ಇಡೀ ಕಾರ್ಡನ್ನು ಇದ್ದ ಹಾಗೆ, ಎಲ್ಲ ಫೋಲ್ಡರ್ ಸಮೇತ ಕಾಪಿ ಮಾಡು. ಸೋನಿಯಲ್ಲಿ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಬೀಳುವ ಸಮಯದ ಗುರುತು) ಮತ್ತು ಇತರ ಮಾಹಿತಿ ಪಕ್ಕದ ಸಣ್ಣ ಫೈಲುಗಳಲ್ಲಿ ಇರುತ್ತದೆ.

ಈಗ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ (8 ಮೆಗಾಬಿಟ್ ಅಂದರೆ 1 ಎಂಬಿ) ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ದಿನಕ್ಕೆ ತಲಾ 3 ಗಂಟೆ ಅಂದರೆ 270 ಜಿಬಿ. 22 ದಿನಕ್ಕೆ ಸುಮಾರು 6 ಟಿಬಿ. ಮೂರು ಪ್ರತಿ ಬೇಕು, ಅಂದರೆ 18 ಟಿಬಿ. ಕ್ಯಾಮೆರಾಮನ್ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸುವ ಆಲ್ ಇಂಟ್ರಾ 250 ಮೆಗಾಬಿಟ್ ಬೇಕು ಅಂದರೆ ಎರಡೂವರೆ ಪಟ್ಟು ಜಾಸ್ತಿ, ಒಂದು ಪ್ರತಿಗೇ 15 ಟಿಬಿ ಹತ್ತಿರ ಹೋಗುತ್ತದೆ. ಹಾಗಾಗಿ ಡಿಸ್ಕ್ ಕೊಳ್ಳುವ ಮೊದಲು ಕ್ಯಾಮೆರಾಮನ್ ಜೊತೆ ಕೂತು ಯಾವ ಬಗೆಯ ರೆಕಾರ್ಡಿಂಗ್ ಅಂತ ಮಾತಾಡಿ ಮುಗಿಸು. ಸಮಯವನ್ನೂ ಲೆಕ್ಕ ಹಾಕು. ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ 110 ಎಂಬಿ ಬರೆಯುತ್ತದೆ ಅಂತಿಟ್ಟುಕೊಂಡರೂ 270 ಜಿಬಿಗೆ ಮುಕ್ಕಾಲು ಗಂಟೆ ಹತ್ತಿರ, ಪರೀಕ್ಷೆಗೆ ಮತ್ತೆ ಅಷ್ಟೇ. ಅಸಿಸ್ಟೆಂಟ್ ಕ್ಯಾಮೆರಾಮನ್ ಫೋಕಸ್ ನೋಡಿಕೊಳ್ಳುತ್ತಾ ಇದನ್ನು ಮಾಡೋಕೆ ಆಗಲ್ಲ ಅನ್ನೋದು ನಿರ್ಮಾಪಕರಿಗೆ ಈ ಲೆಕ್ಕ ತೋರಿಸಿದರೆ ತಿಳಿಯುತ್ತದೆ.

ಬೆಂಗಳೂರಿಗೆ ಒರಿಜಿನಲ್ ಅನ್ನು ನೆಟ್‌ನಲ್ಲಿ ಕಳಿಸೋಕೆ ಹೋಗಬೇಡ. 50 ಮೆಗಾಬಿಟ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 270 ಜಿಬಿಗೆ 12 ಗಂಟೆ. ಪ್ರಾಕ್ಸಿ ಮಾಡು, ಅಂದರೆ ಎಡಿಟಿಂಗ್‌ಗೆ ಸಾಕಾಗುವ ಹಗುರವಾದ ಪ್ರತಿ. 5 ಮೆಗಾಬಿಟ್‌ನ ಸಣ್ಣ ಫೈಲ್ ಮಾಡಿದರೆ ದಿನದ 6 ಗಂಟೆಯ ಫೂಟೇಜ್ 13.5 ಜಿಬಿ, ಮುಕ್ಕಾಲು ಗಂಟೆಯೊಳಗೆ ಹೋಗುತ್ತದೆ. ಎಡಿಟರ್ ಮಾರನೇ ದಿನವೇ ಕಟ್ ಶುರು ಮಾಡಬಹುದು, ಏನಾದರೂ ಕೆಟ್ಟಿದ್ದರೆ ನೀವು ಆ ಲೊಕೇಶನ್ ಬಿಡುವ ಮೊದಲೇ ಹೇಳಬಹುದು. ಪ್ರಾಕ್ಸಿಯಲ್ಲಿ ಫೈಲ್ ಹೆಸರು, ಟೈಮ್‌ಕೋಡ್, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು), ಆಡಿಯೊ ಚಾನೆಲ್ ಇಷ್ಟೂ ಒರಿಜಿನಲ್ ಹಾಗೇ ಇರಬೇಕು, ಇಲ್ಲದಿದ್ದರೆ ಕೊನೆಗೆ ಒರಿಜಿನಲ್‌ಗೆ ಜೋಡಿಸುವಾಗ ಒಂದೊಂದೇ ಕ್ಲಿಪ್ ಹುಡುಕುತ್ತಾ ಕೂರಬೇಕು. ಎರಡೂ ಕ್ಯಾಮೆರಾದಲ್ಲಿ ಫೈಲ್ ಹೆಸರು ಸಿ0001 ಅಂತಲೇ ಶುರುವಾಗುತ್ತದೆ ಅಲ್ವಾ? ಮೊದಲ ದಿನವೇ ಮೆನುವಿನಲ್ಲಿ ಹೆಸರಿನ ಮುಂದೆ ಎ, ಬಿ ಅಂತ ಸೇರಿಸಿಬಿಡು. ಪ್ರತಿ ಕಾರ್ಡಿಗೂ ಹೊಸ ಸಂಖ್ಯೆ ಶುರುವಾಗದೆ ಮುಂದುವರಿಯುವ ಹಾಗೆ ಇಡು.

ಬೀದರಿನಿಂದ, ಕ್ಯಾಮೆರಾ ಕೆಲಸದವನು:

ಅಣ್ಣ ಹೇಳಿದ್ದಕ್ಕೆ ನನ್ನದೂ ಸ್ವಲ್ಪ. ಏಪ್ರಿಲ್, ಮೇ ತಿಂಗಳಲ್ಲಿ ಇದ್ದರೆ ಬಿಸಿಲಿನ ಬಗ್ಗೆ ಯೋಚನೆ ಮಾಡಿ. ನಮ್ಮ ಕಡೆ 40 ಡಿಗ್ರಿ ದಾಟೋದು ಹೊಸದಲ್ಲ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಜಾಸ್ತಿ. ಭಾಲ್ಕಿ ಹತ್ತಿರ ಒಂದು ಶೂಟಿಂಗ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕಾಪಿ ಮಾಡುತ್ತಿದ್ದೆವು, ಡಿಸ್ಕ್ ಕೈಲಿ ಹಿಡಿಯೋಕೆ ಆಗದಷ್ಟು ಕಾದು ನಡುವೆಯೇ ನಿಂತಿತು. ಆಮೇಲಿಂದ ನೆರಳು, ಫ್ಯಾನ್, ಒಂದು ಗಟ್ಟಿ ಟೇಬಲ್ ಇಲ್ಲದೆ ಕಾಪಿ ಶುರು ಮಾಡೋದಿಲ್ಲ. ಸೆಟ್‌ನಲ್ಲಿ ಎಸ್‌ಎಸ್‌ಡಿ ಬಳಸಿ, ಅದರಲ್ಲಿ ತಿರುಗುವ ಭಾಗ ಇಲ್ಲ. ರಾತ್ರಿ ಲಾಡ್ಜಿನಲ್ಲಿ ದೊಡ್ಡ ಹಾರ್ಡ್ ಡಿಸ್ಕಿಗೆ ಹಾಕಿ.

ಕರೆಂಟ್ ಹೋಗಿ ಬರುತ್ತಾ ಇರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಆದರೆ ಅಡಾಪ್ಟರ್ ಬೇಕಾದ ದೊಡ್ಡ ಡಿಸ್ಕಿಗೆ ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಎಕ್ಸ್‌ಫ್ಯಾಟ್ ಅನ್ನೋ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಫೈಲುಗಳು ಬೇಗ ಕೆಡುತ್ತವೆ. ಸಣ್ಣ ಯುಪಿಎಸ್ ಒಂದು ಇಟ್ಟುಕೊಳ್ಳಿ. ಜನರೇಟರಿನಿಂದ ನೇರವಾಗಿ ಡಿಸ್ಕಿಗೆ ಕೊಡಬೇಡಿ.

ಮೂರು ಪ್ರತಿ ಮಾಡಿ ಮೂರನ್ನೂ ಒಂದೇ ಬ್ಯಾಗಿನಲ್ಲಿ ಇಡುವವರನ್ನು ನಾನು ನೋಡಿದ್ದೇನೆ. ಬ್ಯಾಗ್ ಹೋದರೆ ಮೂರೂ ಹೋಯಿತು. ಒಂದು ಲಾಡ್ಜಿನಲ್ಲಿ, ಒಂದು ಡೈರೆಕ್ಟರ್ ಕಡೆ, ಒಂದು ವಾರಕ್ಕೊಮ್ಮೆ ಬೆಂಗಳೂರಿಗೆ. ಯಾದಗಿರಿಯಿಂದಲೇ ರೈಲಿದೆ, ನಿಮ್ಮವರೇ ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಪಾರ್ಸಲ್ ಬೇಡ. ಡಿಸ್ಕ್ ತಲುಪಿದ ಮೇಲೆ ಅಲ್ಲಿ ಮತ್ತೆ ಚೆಕ್‌ಸಮ್ ನೋಡಿ ಸರಿ ಇದೆ ಅಂತ ಮೆಸೇಜ್ ಬರಬೇಕು. ಅಲ್ಲಿಯವರೆಗೆ ಇಲ್ಲಿಯದನ್ನು ಮುಟ್ಟಬೇಡಿ.

ಕಲಬುರಗಿಯಿಂದ, ಸೌಂಡ್ ರೆಕಾರ್ಡಿಸ್ಟ್:

ಎಲ್ಲರೂ ಕ್ಯಾಮೆರಾ ಕಾರ್ಡ್ ಬಗ್ಗೆ ಬರೆದಿದ್ದಾರೆ. ನಮ್ಮ ಕಾರ್ಡನ್ನು ಯಾರೂ ಕೇಳೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೌಂಡ್ ಕಾರ್ಡಿಗೂ ಅದೇ ಕೆಂಪು ಟೇಪ್, ಅದೇ ಎರಡು ಡಿಸ್ಕ್, ಅದೇ ಪರೀಕ್ಷೆ. ದಿನಕ್ಕೆ ಕೆಲವೇ ಜಿಬಿ, ಆದರೆ ಕಳೆದರೆ ಇಡೀ ದಿನದ ಮಾತು ಹೋಗುತ್ತದೆ. ಆಮೇಲೆ ಡಬ್ಬಿಂಗ್‌ನಲ್ಲಿ ಎಷ್ಟೇ ಮಾಡಿದರೂ ಸುರಪುರದ ಅಜ್ಜಿಯೊಬ್ಬರು ತಮ್ಮ ಅಂಗಳದಲ್ಲಿ ಕೂತು ಆಡಿದ ಮಾತು ವಾಪಸ್ ಬರೋದಿಲ್ಲ.

ಫ್ರೇಮ್ ರೇಟ್ ಮೊದಲ ದಿನವೇ ಬರೆದು ಎಲ್ಲರಿಗೂ ಕಳಿಸಿ. ಥಿಯೇಟರ್‌ಗೆ ಅಂದರೆ 24, ಟಿವಿಗೆ ಅಂದರೆ 25. ಒಂದು ಕೆಲಸದಲ್ಲಿ ಎ ಕ್ಯಾಮೆರಾ 24, ಬಿ ಕ್ಯಾಮೆರಾ 25, ಡ್ರೋನ್ 30 ಇತ್ತು. ಯಾರಿಗೂ ಗೊತ್ತಾಗಲಿಲ್ಲ, ಮಿಕ್ಸಿಂಗ್‌ಗೆ ಹೋದಾಗ ತುಟಿಗೂ ಮಾತಿಗೂ ತಾಳ ತಪ್ಪಿತು. ಎಲ್ಲ ಸರಿ ಮಾಡೋಕೆ 9 ದಿನ ಹೋಯಿತು. ಮೊಬೈಲ್‌ನಲ್ಲಿ ಏನಾದರೂ ಶೂಟ್ ಮಾಡಿದರೆ ಅದರ ಫ್ರೇಮ್ ರೇಟ್ ಏರಿಳಿಯುತ್ತಾ ಇರುತ್ತದೆ, ಎಡಿಟ್‌ಗೆ ಹಾಕುವ ಮೊದಲು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ. ಸೌಂಡ್ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್. ಕ್ಯಾಮೆರಾಗೂ ಸೌಂಡಿಗೂ ಒಂದೇ ಟೈಮ್‌ಕೋಡ್ ಕೊಡುವ ಪೆಟ್ಟಿಗೆ ಬಾಡಿಗೆಗೆ ಸಿಕ್ಕರೆ ತಗೊಳ್ಳಿ. ಸಿಕ್ಕರೂ ಕ್ಲ್ಯಾಪ್ ಬಿಡಬೇಡಿ, ಸೀನ್ ಮತ್ತು ಟೇಕ್ ನಂಬರ್ ಬಾಯಲ್ಲಿ ಗಟ್ಟಿಯಾಗಿ ಹೇಳಿ.

ಟಿವಿಗೆ ಕಾರ್ಯಕ್ರಮ ಮಾಡುವವರು, ಕಲಬುರಗಿ:

ಒಂದೇ ಮಾತು. ಕೊನೆಗೆ ಫೈಲ್ ಯಾರಿಗೆ ಕೊಡಬೇಕೋ ಅವರಿಂದ ಮೊದಲೇ ಲಿಖಿತದಲ್ಲಿ ಕೇಳಿ. ನಾನು ಕೊಟ್ಟ ಒಂದು ಕಡೆ ಟಿವಿ ಪ್ರಸಾರದ ಬಗೆಯ ಫೈಲೇ ಬೇಕಿತ್ತು (ಎಕ್ಸ್‌ಡಿಕ್ಯಾಮ್ 50 ಮೆಗಾಬಿಟ್, 1080ಐ, ಎಂಎಕ್ಸ್‌ಎಫ್), ಸೌಂಡಿನ ಜೋರು ಎಲ್‌ಯುಎಫ್‌ಎಸ್ ಅನ್ನೋ ಅಳತೆಯಲ್ಲಿ ಮೈನಸ್ 23. ನಾವು ಯೂಟ್ಯೂಬಿಗೆ ಮಾಡುವ ಹಾಗೆ ಮಾಡಿ ಕಳಿಸಿದ್ದೆವು. ಎರಡು ಸಲ ವಾಪಸ್ ಬಂತು, ಪ್ರಸಾರದ ದಿನವೇ ತಪ್ಪಿತು.

ಯಾದಗಿರಿಯಿಂದ ಮತ್ತೆ:

ತುಂಬಾ ಉಪಕಾರ ಆಯ್ತು. ಲೆಕ್ಕ ತೋರಿಸಿದ ಮೇಲೆ ನಿರ್ಮಾಪಕರು ಡೇಟಾಗೆ ಒಬ್ಬರನ್ನು ಇಡೋಕೆ ಒಪ್ಪಿದರು. ಇನ್ನೆರಡು ಪ್ರಶ್ನೆ. ಫೋಲ್ಡರ್ ಹೆಸರು ಕನ್ನಡದಲ್ಲಿ ಇಡಬಹುದಾ? ಮತ್ತೆ ಸಿನಿಮಾ ಮುಗಿದ ಮೇಲೆ ಏನೇನು ಇಟ್ಟುಕೊಳ್ಳಬೇಕು?

ಕಲಬುರಗಿಯ ಎಡಿಟರ್:

ಒಪ್ಪಿದ್ದು ಬಹಳ ಒಳ್ಳೇದಾಯ್ತು. ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಅಂಡರ್‌ಸ್ಕೋರ್, ಅಷ್ಟೇ ಇರಲಿ. ದಿನ, ಕ್ಯಾಮೆರಾ, ಕಾರ್ಡ್ ನಂಬರ್, ಇದೇ ಕ್ರಮ. ಕನ್ನಡದ ಮೇಲೆ ಪ್ರೀತಿ ಕಡಿಮೆ ಅಂತಲ್ಲ, ಒಂದೇ ಡಿಸ್ಕ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ನಡುವೆ ಓಡಾಡುತ್ತದೆ, ಯಾವುದೋ ಒಂದು ಸಾಫ್ಟ್‌ವೇರ್ ಕನ್ನಡ ಹೆಸರನ್ನು ಓದದೆ ಫೈಲ್ ಇಲ್ಲ ಅನ್ನುತ್ತದೆ. ಕನ್ನಡದ ಜಾಗ ಟೈಟಲ್‌ನಲ್ಲಿ, ಅಲ್ಲಿ ಸರಿಯಾಗಿ ಬರಬೇಕು. ಹೆಸರುಗಳ ಪಟ್ಟಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸು. ನುಡಿ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೆಂಗಳೂರಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆ ಆಗಿ ಕಾಣುತ್ತದೆ. ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಬಂದರೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇರುವ ಟೆಕ್ಸ್ಟ್ ಎಂಜಿನ್ ಆರಿಸಿ ಮತ್ತೆ ತೆರೆಯಲಿ. ಕೆಲಸ ಮಾಡಿದವರ ಹೆಸರಲ್ಲಿ ಒತ್ತು ತಪ್ಪಿದರೆ ಅವರಿಗೆ ಎಷ್ಟು ನೋವಾಗುತ್ತದೆ ಅಂತ ನಾನು ಕಂಡಿದ್ದೇನೆ.

ಇಟ್ಟುಕೊಳ್ಳೋದು: ಕ್ಯಾಮೆರಾ ಒರಿಜಿನಲ್, ಸೌಂಡ್ ಒರಿಜಿನಲ್, ಪ್ರಾಜೆಕ್ಟ್ ಫೈಲ್, ಗ್ರೇಡ್ ಆದ (ಬಣ್ಣ ತಿದ್ದಿ ಮುಗಿಸಿದ) ಮಾಸ್ಟರ್, ಅದರದ್ದೇ ಪರದೆ ಮೇಲೆ ಅಕ್ಷರ ಇಲ್ಲದ ಪ್ರತಿ. ಮಾತು, ಸಂಗೀತ, ಎಫೆಕ್ಟ್ ಮೂರೂ ಬೇರೆ ಬೇರೆ. ನಾಳೆ ತೆಲುಗಿಗೆ ಡಬ್ ಮಾಡುತ್ತೇವೆ ಅಂತ ಯಾರಾದರೂ ಬಂದರೆ ಇವು ಇಲ್ಲದೆ ಆಗಲ್ಲ. ಥಿಯೇಟರಿಗೆ ಹೋಗುವ, ಡಿಸಿಪಿ ಅನ್ನೋ ಪ್ರತಿಯನ್ನೇ ಮಾಸ್ಟರ್ ಅಂದುಕೊಳ್ಳಬೇಡ, ಅದು ಸೆಕೆಂಡಿಗೆ 250 ಮೆಗಾಬಿಟ್ ಒಳಗೆ ಒತ್ತಿದ ಪ್ರತಿ, ಪರದೆಗೆ ಹೊಂದುವ ಬಣ್ಣಕ್ಕೆ ಬದಲಿಸಿದ್ದು. ಬೀರುವಿನಲ್ಲಿ ಇಟ್ಟ ಡಿಸ್ಕನ್ನು ಆರು ತಿಂಗಳಿಗೊಮ್ಮೆ ಹಚ್ಚಿ ಚೆಕ್‌ಸಮ್ ನೋಡು. ಶಕ್ತಿ ಇದ್ದರೆ ಯಾವುದಾದರೂ ಪೋಸ್ಟ್ ಪ್ರೊಡಕ್ಷನ್ ಕಡೆ ದುಡ್ಡು ಕೊಟ್ಟು ಎಲ್‌ಟಿಒ ಅನ್ನೋ ಡೇಟಾ ಟೇಪಿಗೆ ಹಾಕಿಸು. ಎಲ್‌ಟಿಒ-8ರ ಒಂದು ಟೇಪಿಗೆ 12 ಟಿಬಿ, ನಿನ್ನ 6 ಟಿಬಿ ಆರಾಮಾಗಿ ಕೂರುತ್ತದೆ.

ಬೀದರಿನಿಂದ, ಕ್ಯಾಮೆರಾ ಕೆಲಸದವನು:

ಮರೆತಿದ್ದೆ. ಕಾರ್ಡ್ ರೀಡರ್ ಎರಡು, ಕೇಬಲ್ ನಾಲ್ಕು ಹೊರಡುವಾಗಲೇ ತಗೊಂಡು ಹೋಗಿ. ಶೂಟಿಂಗ್ ನಡುವೆ ಒಂದು ಕೆಟ್ಟರೆ ಅಲ್ಲಿ ಅಂಗಡಿ ಹುಡುಕೋದರಲ್ಲೇ ಅರ್ಧ ದಿನ ಹೋಗುತ್ತದೆ, ಕೆಂಪು ಟೇಪಿನ ಕಾರ್ಡುಗಳು ಹಾಗೇ ಕಾಯುತ್ತಾ ಕೂತಿರುತ್ತವೆ.