ಮರುಭೂಮಿಯ ಧೂಳಿನಲ್ಲಿರುವ ಕಬ್ಬಿಣ ಕಡಲಿಗೆ ದಕ್ಕುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕುಮಟಾ):

ನಮಸ್ಕಾರ ಸರ್. ಪೋಷಕಾಂಶಗಳ ಪಾಠ ಮಾಡುವಾಗ, ಅರೇಬಿಯಾದ ಮರುಭೂಮಿಯಿಂದ ಎದ್ದ ಧೂಳು ಅರಬ್ಬೀ ಸಮುದ್ರಕ್ಕೆ ಕಬ್ಬಿಣವನ್ನು ಒದಗಿಸುತ್ತದೆ ಎಂದು ಮಕ್ಕಳಿಗೆ ಹೇಳಿದೆ. ಆಗ ಒಬ್ಬ ಹುಡುಗ, ಧೂಳು ನೀರಿಗೆ ಬಿದ್ದರೆ ಮುಳುಗಿ ತಳ ಸೇರುವುದಿಲ್ಲವೇ, ಅದು ಯಾರಿಗೆ ಉಪಯೋಗ ಎಂದು ಕೇಳಿದ. ಅವನಿಗೆ ಸಮಾಧಾನವಾಗುವಂಥ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಗಾಳಿಯಲ್ಲಿರುವ ಲೋಹ ಕಡಲಿಗೆ ಯಾವ ದಾರಿಯಲ್ಲಿ ಇಳಿಯುತ್ತದೆ, ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ವಿವರಿಸಿ.

ಉತ್ತರ (ವಾಯುಮಂಡಲ ರಸಾಯನಶಾಸ್ತ್ರ ಸಂಶೋಧಕ):

ನಮಸ್ಕಾರ ಮೇಡಂ. ಆ ಹುಡುಗನ ಊಹೆ ಬಹುಮಟ್ಟಿಗೆ ನಿಜ. ಮರುಭೂಮಿಯ ಧೂಳಿನಲ್ಲಿರುವ ಕಬ್ಬಿಣದ ಹೆಚ್ಚಿನ ಪಾಲು ಕರಗದೆ ತಳಕ್ಕೇ ಹೋಗುತ್ತದೆ. ಆದ್ದರಿಂದ ಕಡಲಿಗೆ ಎಷ್ಟು ಬಿದ್ದಿತು ಎಂಬುದಕ್ಕಿಂತ, ಬಿದ್ದದ್ದರಲ್ಲಿ ಎಷ್ಟು ಕರಗಿತು ಎಂಬುದನ್ನು ತಿಳಿಯುವುದಕ್ಕೇ ನಾವು ಹೆಚ್ಚು ಶ್ರಮಪಡುತ್ತೇವೆ.

ಮೊದಲು ಇಳಿಯುವ ದಾರಿಯನ್ನು ನೋಡೋಣ. ಹತ್ತು ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪನೆಯ ಕಣಗಳು ತಮ್ಮ ಭಾರದಿಂದಲೇ ಒಂದೆರಡು ದಿನಗಳಲ್ಲಿ ಕೆಳಗೆ ಬೀಳುತ್ತವೆ. ಒಂದು ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಆ ಭಾರವಿಲ್ಲ. ಅವು ವಾರದಷ್ಟು ಕಾಲ ಗಾಳಿಯಲ್ಲೇ ತೇಲುತ್ತಾ ಸಾವಿರಾರು ಕಿಲೋಮೀಟರ್ ಸಾಗಬಲ್ಲವು. ಅವುಗಳನ್ನು ಮುಖ್ಯವಾಗಿ ಕೆಳಗಿಳಿಸುವುದು ಮಳೆ: ಮೋಡದ ಹನಿಗಳು ಇಂಥ ಕಣಗಳ ಸುತ್ತಲೇ ಹುಟ್ಟುತ್ತವೆ, ಮತ್ತು ಬೀಳುವ ಹನಿಗಳು ದಾರಿಯಲ್ಲಿ ಸಿಕ್ಕ ಕಣಗಳನ್ನು ಗುಡಿಸಿಕೊಂಡು ಬರುತ್ತವೆ.

ಅರಬ್ಬೀ ಸಮುದ್ರದ ಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಎರಡು ಪದರಗಳಲ್ಲಿ ಬೀಸುತ್ತದೆ. ಕೆಳಗೆ ನಮಗೆ ಮಳೆ ತರುವ ನೈಋತ್ಯ ಮಾರುತದ ತೇವದ ಗಾಳಿಯಿದ್ದರೆ, ಅದರ ಮೇಲೆ ಅರೇಬಿಯಾ ಕಡೆಯಿಂದ ಬರುವ ಒಣ ವಾಯವ್ಯ ಗಾಳಿ ಧೂಳನ್ನು ಹೊತ್ತು ಸಾಗುತ್ತದೆ. ಹೀಗಾಗಿ ಧೂಳು ಕಡಲಿನ ಮೇಲೆಯೇ ಇದ್ದರೂ ಬಹಳ ಹೊತ್ತು ಕಡಲನ್ನು ಮುಟ್ಟುವುದಿಲ್ಲ. ಒಮಾನ್ ಮತ್ತು ಸೊಮಾಲಿಯಾದ ತೀರದತ್ತ ಮಳೆ ಕಡಿಮೆಯಾದುದರಿಂದ ಅಲ್ಲಿ ದಪ್ಪ ಕಣಗಳು ಒಣಗಿದ ಸ್ಥಿತಿಯಲ್ಲೇ ಉದುರುತ್ತವೆ. ನಮ್ಮ ಕರಾವಳಿಯತ್ತ ಬಂದಂತೆ ಮಳೆಯ ಪಾಲು ಹೆಚ್ಚುತ್ತದೆ.

ಇನ್ನು ಕರಗುವ ಮಾತು. ಧೂಳಿನ ತೂಕದಲ್ಲಿ ಸುಮಾರು 3.5 ಪ್ರತಿಶತ ಕಬ್ಬಿಣವಿರುತ್ತದೆ, ಆದರೆ ಅದು ಜೇಡಿ ಖನಿಜಗಳೊಳಗೆ ಮತ್ತು ತುಕ್ಕಿನಂಥ ಆಕ್ಸೈಡುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮಕ್ಕಳಿಗೆ ಹಲಗೆಯ ಮೇಲೆ ಮಾಡಿ ತೋರಿಸಬಹುದಾದ ಒಂದು ಲೆಕ್ಕ ಕೊಡುತ್ತೇನೆ. ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂ ಕಬ್ಬಿಣವಿದೆ, ಕಣಗಳು ಸೆಕೆಂಡಿಗೆ 1 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತಿವೆ ಎಂದುಕೊಳ್ಳಿ. ಒಂದು ದಿನದಲ್ಲಿ ಒಂದು ಚದರ ಮೀಟರ್ ಕಡಲಿಗೆ 864 ಮೈಕ್ರೋಗ್ರಾಂ ಬೀಳುತ್ತದೆ. ಅದರಲ್ಲಿ 1 ಪ್ರತಿಶತ ಮಾತ್ರ ಕರಗಿ, ಮೇಲಿನ 20 ಮೀಟರ್ ನೀರಿನಲ್ಲಿ ಹರಡಿದರೆ, ಪ್ರತಿ ಲೀಟರಿಗೆ ಸಿಗುವುದು ಅರ್ಧ ನ್ಯಾನೋಗ್ರಾಮಿಗಿಂತ (ನ್ಯಾನೋಗ್ರಾಂ ಎಂದರೆ ಮೈಕ್ರೋಗ್ರಾಮಿನ ಸಾವಿರದಲ್ಲೊಂದು ಪಾಲು) ತುಸು ಕಡಿಮೆ. ತೆರೆದ ಸಾಗರದ ಹಲವೆಡೆ ಮೇಲ್ಮೈಯ ಒಂದು ಲೀಟರ್ ನೀರಿನಲ್ಲಿ ಕರಗಿದ ಕಬ್ಬಿಣ ಇರುವುದೇ ಸುಮಾರು 10 ನ್ಯಾನೋಗ್ರಾಂ. ಅಂದರೆ ಅಷ್ಟನ್ನು ತುಂಬಿಕೊಡಲು ಮೂರು ವಾರಗಳಿಗೂ ಹೆಚ್ಚು ಬೇಕು. ಕರಗುವ ಪಾಲು 10 ಪ್ರತಿಶತವಾದರೆ ಎರಡೂವರೆ ದಿನ ಸಾಕು. ಬಿದ್ದ ಧೂಳು ಎರಡೂ ಸಲ ಅಷ್ಟೇ ಎಂಬುದನ್ನು ಗಮನಿಸಿ.

ಈ ಹತ್ತುಪಟ್ಟು ವ್ಯತ್ಯಾಸ ಬರುವುದು ಗಾಳಿಯಲ್ಲಿ ನಡೆಯುವ ರಸಾಯನದಿಂದ. ಗಂಧಕಾಮ್ಲ, ನೈಟ್ರಿಕ್ ಆಮ್ಲಗಳು ಕಣದ ಮೇಲೆ ಕೂತು ಖನಿಜವನ್ನು ಸವೆಸುತ್ತವೆ. ಕಣ ಮೋಡದೊಳಗೆ ಹೊಕ್ಕು ಹೊರಬಂದಂತೆಲ್ಲ ಇದು ಮತ್ತೆ ಮತ್ತೆ ನಡೆಯುತ್ತದೆ. ಬಿಸಿಲು ಫೆರಿಕ್ ಕಬ್ಬಿಣದ ಸ್ವಲ್ಪ ಪಾಲನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ತಿರುಗಿಸುತ್ತದೆ. ಕಲ್ಲಿದ್ದಲು, ಡೀಸೆಲ್, ಸೌದೆ ಉರಿದಾಗ ಹೊರಡುವ ಕಬ್ಬಿಣವಂತೂ ಮೊದಲಿನಿಂದಲೇ ಹೆಚ್ಚು ಕರಗುವಂಥದ್ದು. ಚಳಿಗಾಲದಲ್ಲಿ ಗಂಗಾ ಬಯಲಿನ ಹೊಗೆಮಂಜು ಬಂಗಾಳ ಕೊಲ್ಲಿಯ ಮೇಲೆ ಹರಿದುಹೋಗುವುದರಿಂದ, ಅಲ್ಲಿ ಹಡಗುಗಳಲ್ಲಿ ಹಿಡಿದ ಕಣಗಳ ಕಬ್ಬಿಣ ಅರಬ್ಬೀ ಸಮುದ್ರದ ಧೂಳಿನ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ ಎಂಬುದನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ತೋರಿಸಿದ್ದಾರೆ.

ಕಡಲ ನೀರು ತುಸು ಕ್ಷಾರೀಯವಾದುದರಿಂದ, ಕರಗಿ ಬಂದ ಕಬ್ಬಿಣವೂ ಬೇಗನೆ ಮತ್ತೆ ತುಕ್ಕಾಗಲು ಹೊರಡುತ್ತದೆ. ಸೂಕ್ಷ್ಮಜೀವಿಗಳಿಂದ ಬಂದ ಸಾವಯವ ಅಣುಗಳು ಅದನ್ನು ಹಿಡಿದಿಟ್ಟುಕೊಂಡಷ್ಟು ಮಾತ್ರ ಸಸ್ಯಪ್ಲವಕಗಳಿಗೆ, ಅಂದರೆ ನೀರಿನಲ್ಲಿ ತೇಲುತ್ತಾ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿಗಳಿಗೆ, ದಕ್ಕುತ್ತದೆ. ಆ ಹುಡುಗನಿಗೆ ಹೇಳಬೇಕಾದ ಉತ್ತರ ಇದು.

ಮರುಪ್ರಶ್ನೆ (ಗುಂಪಿನ ಸದಸ್ಯರು, ಮಂಗಳೂರು):

ಹೊಗೆಯಿಂದ ಬರುವ ಕಬ್ಬಿಣ ಹೆಚ್ಚು ಕರಗುತ್ತದೆಂದರೆ, ಮಾಲಿನ್ಯದಿಂದ ಕಡಲಿಗೆ ಒಳ್ಳೆಯದೇ ಆಗುತ್ತಿದೆ ಎಂದು ತಿಳಿಯಬಹುದೇ?

ಉತ್ತರ:

ಹಾಗೆ ತಿಳಿಯಬಾರದು. ಹೊಗೆಯಲ್ಲಿ ಕಬ್ಬಿಣ ಒಂದೇ ಬರುವುದಿಲ್ಲ. ತಾಮ್ರ, ಸೀಸ, ಕ್ಯಾಡ್ಮಿಯಂ ಜೊತೆಗೇ ಬರುತ್ತವೆ. ಕೆಂಪು ಸಮುದ್ರದ ಅಕಾಬಾ ಕೊಲ್ಲಿಯ ನೀರಿನಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಾಳಿಯಿಂದ ಹಿಡಿದ ಕೆಲವು ಕಣಗಳಲ್ಲಿದ್ದ ತಾಮ್ರವು ಸೈನೆಕೊಕಾಕಸ್ ಎಂಬ ಅತಿಸಣ್ಣ ಸಸ್ಯಪ್ಲವಕಕ್ಕೆ ವಿಷವಾಯಿತು. ಒಂದು ಜೀವಿಗೆ ಗೊಬ್ಬರವಾದದ್ದು ಪಕ್ಕದ ಜೀವಿಗೆ ವಿಷವಾಗುವಾಗ ಇಡೀ ಕಡಲಿಗೆ ಒಳ್ಳೆಯದಾಯಿತು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸೀಸದ ಕಥೆ ಇನ್ನೂ ಸ್ಪಷ್ಟ. ಜೀವಿಗಳು ಬಳಸಿಕೊಳ್ಳುವ ಲೋಹಗಳು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಕಡಿಮೆ, ಆಳದಲ್ಲಿ ಹೆಚ್ಚು ಇರುತ್ತವೆ. ಅಮೆರಿಕದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ ಮತ್ತು ಅವರ ಸಂಗಡಿಗರು ಸೀಸವನ್ನು ಅಳೆದಾಗ ಅದು ತಲೆಕೆಳಗಾಗಿ, ಮೇಲ್ಮೈಯಲ್ಲೇ ಹೆಚ್ಚಾಗಿ ಕಂಡಿತು. ಕಾರಣ, ಅದು ಸೀಸ ಬೆರೆಸಿದ ಪೆಟ್ರೋಲಿನ ಹೊಗೆಯಿಂದ ಗಾಳಿಯ ಮೂಲಕ ಆಗತಾನೇ ಬಂದು ಬಿದ್ದದ್ದು. ಅಮೆರಿಕದಲ್ಲಿ ಸೀಸದ ಪೆಟ್ರೋಲ್ ಕಡಿಮೆಯಾದಂತೆ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಬಳಿಯ ನೀರಿನಲ್ಲೂ ಸೀಸ ಇಳಿಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು.

ಮರುಪ್ರಶ್ನೆ (ಅದೇ ಶಿಕ್ಷಕಿ):

ತುಂಬಾ ಉಪಕಾರವಾಯಿತು ಸರ್. ಮಳೆನೀರನ್ನು ಹಿಡಿದು ಮಕ್ಕಳೇ ಇದನ್ನು ಪರೀಕ್ಷಿಸಿ ನೋಡಬಹುದೇ?

ಉತ್ತರ:

ಲೋಹವನ್ನು ಅಳೆಯಲು ಶಾಲೆಯಲ್ಲಿ ಆಗುವುದಿಲ್ಲ. ಹಡಗಿನಲ್ಲಿ ನಾವು ಆಮ್ಲದಲ್ಲಿ ತೊಳೆದ ಫಿಲ್ಟರ್ ಕಾಗದ ಬಳಸುತ್ತೇವೆ; ಗಾಳಿ ಹಿಂದಿನಿಂದ ಬೀಸಿ ಹಡಗಿನದೇ ಹೊಗೆ ತಾಗುವಂತಾದರೆ ಪಂಪು ತಾನಾಗಿ ನಿಲ್ಲುವಂತೆ ಇಟ್ಟಿರುತ್ತೇವೆ. ಇಷ್ಟಾದರೂ, ನಾನು ವಿದ್ಯಾರ್ಥಿಯಾಗಿದ್ದಾಗ, ಉಪಕರಣದ ಮೇಲಿದ್ದ ಸರಪಳಿಯ ತುಕ್ಕು ಉದುರಿ ಎರಡು ದಿನಗಳ ಮಾದರಿಗಳನ್ನು ಕೈಬಿಡಬೇಕಾಯಿತು.

ಆದರೆ ಮಳೆ ಗಾಳಿಯನ್ನು ತೊಳೆಯುವುದನ್ನು ಅವರು ಕಣ್ಣಾರೆ ನೋಡಬಹುದು. ಜೂನ್ ಮೊದಲ ಮಳೆಯಲ್ಲಿ, ಮರದ ಮತ್ತು ಮಾಡಿನ ನೀರು ಬೀಳದ ಬಯಲಿನಲ್ಲಿ ಒಂದು ಶುದ್ಧ ಪ್ಲಾಸ್ಟಿಕ್ ಪಾತ್ರೆಯನ್ನು ಸ್ಟೂಲಿನ ಮೇಲಿಡಿ. ನೆಲದಲ್ಲಿಟ್ಟರೆ ಮಣ್ಣು ಸಿಡಿಯುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು, ಅರ್ಧ ಗಂಟೆಯ ನಂತರದ ನೀರನ್ನು, ಮೂರನೆಯ ದಿನದ ನೀರನ್ನು ಒಂದೇ ಅಳತೆಯಲ್ಲಿ ಬೇರೆ ಬೇರೆ ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸಿ, ಒಣಗಿಸಿ, ಅಕ್ಕಪಕ್ಕದಲ್ಲಿಟ್ಟು ಬಣ್ಣ ಹೋಲಿಸಲಿ. ಉಳಿಯುವ ಕಸದಲ್ಲಿ ನಿಮ್ಮ ರಸ್ತೆಯ ಕೆಂಪು ಧೂಳೂ ಇರುವುದರಿಂದ ಅದನ್ನು ಅರೇಬಿಯಾದ್ದೆಂದು ಬರೆದುಕೊಳ್ಳುವುದು ಬೇಡ. ಫೋಟೋ ತೆಗೆದು ಗುಂಪಿಗೆ ಹಾಕಿದರೆ ನೋಡಿ ಹೇಳುತ್ತೇನೆ.