ಸಹಾಯ ಬೇಕು: ವಿಸ್ಕಿ ತೆರಿಗೆಯ ಲೆಕ್ಕ ಯಾರಾದರೂ ಬಿಡಿಸಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಸೋಮವಾರ ಬಿ.ಎ. ಮಕ್ಕಳಿಗೆ ಅಮೆರಿಕದ 1794ರ ವಿಸ್ಕಿ ದಂಗೆಯ ಪಾಠ ಮಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಗಿನ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ 1791ರಲ್ಲಿ ವಿಸ್ಕಿ ಮೇಲೆ ತೆರಿಗೆ ಹಾಕಿಸಿದರು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರಿಗೆ ಧಾನ್ಯದ ಮೂಟೆಗಳನ್ನು ಕುದುರೆ ಮೇಲೆ ಹೇರಿ ಬೆಟ್ಟ ದಾಟಿಸುವುದು ಗಿಟ್ಟುತ್ತಿರಲಿಲ್ಲ. ಅದಕ್ಕೇ ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಸಾಗಿಸುತ್ತಿದ್ದರು. ಕೈಯಲ್ಲಿ ಕಾಸಿಲ್ಲ, ಅಲ್ಲಿ ವಿಸ್ಕಿಯೇ ದುಡ್ಡು. ತೆರಿಗೆ ಮಾತ್ರ ನಗದಾಗಿಯೇ ಕಟ್ಟಬೇಕು! ಸಿಟ್ಟು ಬರದೇ ಇರುತ್ತಾ? ಕೊನೆಗೆ ದಂಗೆ ಅಡಗಿಸಲು ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಜನರ ಪಡೆ ಕಟ್ಟಿಕೊಂಡು ಹೊರಟರು. ಇಷ್ಟು ಸರಿಯಾಗಿ ಗೊತ್ತು.

ನನಗೆ ತಲೆಗೆ ಹೋಗದಿದ್ದು ಇದು: ದೊಡ್ಡ ಭಟ್ಟಿಯವರಿಗೆ ಗ್ಯಾಲನ್‌ಗೆ ತೆರಿಗೆ ಕಮ್ಮಿ ಬೀಳುತ್ತಿತ್ತು. ಅದು ಹೇಗೆ? ಸಣ್ಣ ಲೆಕ್ಕ ಹಾಕಿ ತೋರಿಸಿದರೆ ಬೋರ್ಡ್ ಮೇಲೆ ಹಾಗೇ ಬರೆಯುತ್ತೇನೆ. ಭಾನುವಾರ ರಾತ್ರಿಯೊಳಗೆ ಹೇಳಿ, ಪ್ಲೀಸ್.